ಇಂಗ್ಲಿಷ್ ಕೋಶದಲ್ಲಿರುವ ನಮ್ಮ ನಂಟರು

ಮಾತಿನ ಆಟಗಳು ನಮ್ಮ ನಾಡಿಗೆ ಹೊಸವಲ್ಲ. ಅಜ್ಜಿಯಂದಿರು ಒಗಟು ಹಾಕಿ ಮೊಮ್ಮಕ್ಕಳ ಬುದ್ಧಿಯನ್ನು ಒರೆಗೆ ಹಚ್ಚುತ್ತಿದ್ದರು. ಪಂಡಿತರು ಪದ್ಮಬಂಧ, ನಾಗಬಂಧಗಳೆಂದು ಅಕ್ಷರಗಳನ್ನು ಚಿತ್ರಗಳಂತೆ ಜೋಡಿಸಿ ಸಂತೋಷಪಡುತ್ತಿದ್ದರು. ಇವುಗಳಿಗೆ ಹೋಲಿಸಿದರೆ ಪಶ್ಚಿಮದಿಂದ ಬಂದ ಕೆಲವು ಪದವಿನೋದಗಳು ತೀರ ಈಚಿನವು. ಇಂದು ಪತ್ರಿಕೆಗಳಲ್ಲೆಲ್ಲ ಕಾಣುವ ಚೌಕಗಳ ಪದಬಂಧವನ್ನು ಆರ್ಥರ್ ವಿನ್ ಎಂಬುವರು ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಮೊದಲು ಪ್ರಕಟಿಸಿದ್ದು 1913ರ ಡಿಸೆಂಬರ್ 21ರಂದು. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿಯು ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅಕ್ಷರದ ಬಿಲ್ಲೆಗಳಿಗೆ ಬೆಲೆ ಕಟ್ಟಿ, ಮತ್ತೊಂದು ಆಟವನ್ನು ಕಲ್ಪಿಸಿದರು. 1948ರಲ್ಲಿ ಅದಕ್ಕೆ ಸ್ಕ್ರಾಬಲ್ ಎಂಬ ಹೆಸರು ಬಂತು. ಈ ಆಟದಲ್ಲಿ ಗೆಲ್ಲಬೇಕಾದರೆ ನಾಲ್ಕು ಜನ ಬಲ್ಲ ಮಾತುಗಳು ಸಾಲವು. ನಿಘಂಟಿನ ಮೂಲೆಯಲ್ಲಿ ಅಡಗಿರುವ ವಿಚಿತ್ರ ಶಬ್ದಗಳು ಬೇಕು. ಆದುದರಿಂದ ಆಟಗಾರರು ಅಂಥ ಶಬ್ದಗಳ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾರೆ.

ಆ ಪಟ್ಟಿಗಳನ್ನು ಕುತೂಹಲದಿಂದ ನೋಡಿದ ಕನ್ನಡಿಗನಿಗೆ ಒಂದು ಸೋಜಿಗ ಕಾದಿರುತ್ತದೆ. ವೂಟ್ಸ್, ಆನಿಕಟ್, ಅರೆಕ, ರಾಗೀ, ಪೂನ್, ಢೋಲ್ ಎಂಬ ಶಬ್ದಗಳು ಲಂಡನ್ನಿನ ಆಟಗಾರನಿಗೆ ಯಾವುದೋ ದ್ವೀಪದ ಹಕ್ಕಿಗಳಂತೆ ಕಂಡಾವು. ಶಿವಮೊಗ್ಗದ ಅಡಕೆ ಮಂಡಿಯಲ್ಲಿಯೋ ಭದ್ರಾವತಿಯ ಕಾರ್ಖಾನೆಯ ಬಾಗಿಲಲ್ಲಿಯೋ ನಿಂತು ಅವುಗಳನ್ನೇ ನಿಧಾನವಾಗಿ ಉಚ್ಚರಿಸಿದರೆ, ವೇಷ ಬದಲಿಸಿ ಬಂದ ನಂಟರಂತೆ ಒಂದೊಂದೂ ಗುರುತು ಹೇಳತೊಡಗುತ್ತದೆ.

ನಮ್ಮ ವ್ಯಾಕರಣಕ್ಕೆ ಈ ವೇಷಪಲ್ಲಟ ಹೊಸ ಸಂಗತಿಯೇನೂ ಅಲ್ಲ. ಸಂಸ್ಕೃತದ ಕಾವ್ಯ ನಮ್ಮಲ್ಲಿ ಕಬ್ಬವಾಯಿತು, ವಿದ್ಯಾ ಬಿಜ್ಜೆಯಾಯಿತು, ಶ್ರೀ ಸಿರಿಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟಿದ್ದಾನೆ. ಹೊರಗಿನ ಶಬ್ದ ನಮ್ಮ ನಾಲಗೆಗೆ ಹೊಂದಿ ಬಂದರೆ ಅದು ತದ್ಭವ. ಇದ್ದ ರೂಪದಲ್ಲಿಯೇ ಬಂದರೆ ತತ್ಸಮ. ಇಂಗ್ಲಿಷರೂ ನಮ್ಮ ಮಾತುಗಳನ್ನು ಕೊಂಡೊಯ್ದು ತದ್ಭವ ಮಾಡಿಕೊಂಡರು. ಆದರೆ ಅವರಿಗೆ ಕೇಶಿರಾಜನಿರಲಿಲ್ಲ. ಕೇಳಿದವನ ಕಿವಿ, ಬರೆದವನ ಕೈ, ಓದಿದವನ ಕಣ್ಣು, ಈ ಮೂರೂ ಕೂಡಿ ಮಾಡಿದ್ದೇ ನಿಯಮ.

ಇಂಥ ಶಬ್ದಗಳ ಲೆಕ್ಕವಿಟ್ಟವರೂ ಇಂಗ್ಲಿಷರೇ. ಎಚ್. ಎಚ್. ವಿಲ್ಸನ್ ಎಂಬ ಸಂಸ್ಕೃತ ವಿದ್ವಾಂಸನು ಹಿಂದೂಸ್ಥಾನದ ಕಂದಾಯ ಮತ್ತು ನ್ಯಾಯದ ಕಾಗದಪತ್ರಗಳಲ್ಲಿ ಬರುವ ದೇಶೀ ಶಬ್ದಗಳ ಕೋಶವನ್ನು 1855ರಲ್ಲಿ ಪ್ರಕಟಿಸಿದನು. ಹೆನ್ರಿ ಯೂಲ್ ಮತ್ತು ಮದರಾಸು ಆಧಿಪತ್ಯದಲ್ಲಿ ಅಧಿಕಾರಿಯಾಗಿದ್ದ ಎ. ಸಿ. ಬರ್ನೆಲ್ ಕೂಡಿ ರಚಿಸಿದ ಹಾಬ್ಸನ್-ಜಾಬ್ಸನ್ ಎಂಬ ವಿನೋದದ ಹೆಸರಿನ ಮಹಾಕೋಶವು 1886ರಲ್ಲಿ ಹೊರಬಂತು. ಕನ್ನಡದ ಕಡೆಯಿಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಈ ಗ್ರಂಥಗಳನ್ನು ಮುಂದಿಟ್ಟುಕೊಂಡು ನಮ್ಮ ಕೆಲವು ನಂಟರ ಕಥೆಯನ್ನು ನೋಡೋಣ.

ಮೊದಲು ವೂಟ್ಸ್. ಇಂಗ್ಲಿಷ್ ನಿಘಂಟಿನಲ್ಲಿ ಇದರ ಅರ್ಥ ಹಿಂದೂಸ್ಥಾನದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉತ್ತಮ ಉಕ್ಕು. ಬೊಂಬಾಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸರಿಗೆ ಕಳುಹಿಸಿದರು. ಅದನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ಬರೆದ ಪ್ರಬಂಧವು 1795ರಲ್ಲಿ ಬೆಳಕಿಗೆ ಬಂತು. ಈ ಹೆಸರು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು ಅಲ್ಲಿಯೇ. ಯೂಲ್ ಮತ್ತು ಬರ್ನೆಲ್ ಇದರ ಮೂಲವನ್ನು ಹುಡುಕಿ, ಇದು ಕನ್ನಡದ ಉಕ್ಕು ಎಂಬ ಮಾತೇ ಇರಬೇಕು, ವೂಕ್ ಎಂದು ಬರೆದದ್ದನ್ನು ಯಾರೋ ತಪ್ಪಾಗಿ ಓದಿ ವೂಟ್ಸ್ ಎಂದು ಮಾಡಿರಬೇಕು ಎಂದು ಊಹಿಸಿದರು. ಮುಂದಿನ ನಿಘಂಟುಕಾರರಲ್ಲಿ ಬಹುಮಂದಿ ಈ ಊಹೆಯನ್ನು ಒಪ್ಪಿದ್ದಾರೆ. ಉಕ್ಕು ಎಂಬುದು ತೆಲುಗಿನಲ್ಲಿಯೂ ಉಂಟು. ಮೊದಲಿಗೆ ವಕಾರವೇಕೆ ಬಂತೆಂದು ಕೇಳುವವರು ನಮ್ಮ ಹಳ್ಳಿಯ ಮಾತನ್ನು ಕಿವಿಗೊಟ್ಟು ಕೇಳಬೇಕು. ಉಪ್ಪನ್ನು ವುಪ್ಪು ಎನ್ನುವ, ಒಂದನ್ನು ವಂದು ಎನ್ನುವ ನಾಲಗೆಯಲ್ಲಿ ಉಕ್ಕು ಕೂಡ ವುಕ್ಕು ಆಗುತ್ತದೆ. ಪರದೇಶದವನು ಕೇಳಿದಂತೆ ಬರೆದುಕೊಂಡನು.

ಇನ್ನು ಆಟದ ಲೆಕ್ಕ. ಸ್ಕ್ರಾಬಲಿನಲ್ಲಿ ಇಂಗ್ಲಿಷಿನ ಕಡೆಯ ಅಕ್ಷರಕ್ಕೆ ಹತ್ತು ಅಂಕ. ನೂರು ಬಿಲ್ಲೆಗಳಲ್ಲಿ ಅದು ಒಂದೇ ಒಂದು. ವೂಟ್ಸ್ ಎಂಬ ಮಾತಿನ ಕೊನೆಯಲ್ಲಿ ಇರುವುದೇ ಆ ಅಕ್ಷರ. ಐದು ಬಿಲ್ಲೆಗಳಿಗೆ ಒಟ್ಟು ಹದಿನೇಳು ಅಂಕ. ಸರಿಯಾಗಿ ಉಕ್ಕು ಎಂದು ಜೋಡಿಸಿದವನಿಗೆ ಸೊನ್ನೆ. ಬರವಣಿಗೆಯ ತಪ್ಪಿಗೆ ಬಹುಮಾನ, ಸರಿಯಾದುದಕ್ಕೆ ದಂಡ!

ಆ ಉಕ್ಕನ್ನು ಮಾಡಿದವರ ಪಾಡನ್ನೂ ಇಲ್ಲಿ ಹೇಳಬೇಕು. ಟಿಪ್ಪುವಿನ ಪತನದ ಮರುವರ್ಷ, ಎಂದರೆ 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆಯಲ್ಲಿ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಜೇಡಿಮಣ್ಣಿನ ಮೂಸೆ; ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ; ಬಾಯಿಗೆ ಮಣ್ಣು ಮೆತ್ತಿ ಮೂಸೆಗಳನ್ನು ಇದ್ದಲಿನ ಬೆಂಕಿಯಲ್ಲಿ ಒಟ್ಟಿ ಗಂಟೆಗಟ್ಟಲೆ ತಿದಿಯೊತ್ತುವುದು. ಕಡ್ಡಿ, ಎಲೆಗಳ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುತ್ತಿತ್ತು. ದಕ್ಷಿಣದೇಶದ ಇಂಥ ಉಕ್ಕಿನಿಂದಲೇ ಪಶ್ಚಿಮ ಏಷ್ಯದವರು ಡಮಾಸ್ಕಸ್ ಕತ್ತಿಗಳೆಂದು ಪ್ರಸಿದ್ಧವಾದ ಕತ್ತಿಗಳನ್ನು ಬಡಿಯುತ್ತಿದ್ದರು. ಕಮ್ಮಾರನ ಮಗನಾಗಿ ಹುಟ್ಟಿ ಮಹಾವಿಜ್ಞಾನಿಯಾದ ಮೈಕೆಲ್ ಫ್ಯಾರಡೆಯು 1819ರಿಂದ 1822ರವರೆಗೆ ಲಂಡನ್ನಿನಲ್ಲಿ ಇದರ ರಹಸ್ಯವನ್ನು ತಿಳಿಯಲು ಪ್ರಯೋಗಗಳನ್ನು ನಡೆಸಿದನು. ಆದರೆ ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ವಿಲಾಯಿತಿಯ ಅಗ್ಗದ ಕಬ್ಬಿಣ, ಉಕ್ಕುಗಳು ಹಡಗುಗಳಿಂದಿಳಿದು ನಮ್ಮ ಸಂತೆಗಳನ್ನು ತುಂಬಿದವು. ಕುಲುಮೆಗಳು ಒಂದೊಂದಾಗಿ ಆರಿದವು. ಬುಕಾನನ್ ಕಂಡ ಕಮ್ಮಾರರ ಮಕ್ಕಳು, ಮೊಮ್ಮಕ್ಕಳು ಆ ವಿದ್ಯೆಯನ್ನು ಮರೆತರು. ವಸ್ತು ಹೋಯಿತು, ಮಾಡುವ ಕೈ ಹೋಯಿತು. ಒಂದು ತಪ್ಪು ಕಾಗುಣಿತ ಮಾತ್ರ ಪರದೇಶದ ಕೋಶದಲ್ಲಿ ಭದ್ರವಾಗಿ ಉಳಿಯಿತು.

ಬೆಂಕಿಪುರವೆಂದು ಮೊದಲು ಹೆಸರಾಗಿದ್ದ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ, ಕೆಮ್ಮಣ್ಣುಗುಂಡಿಯ ಅದಿರು ಮಲೆನಾಡಿನ ಸೌದೆಯ ಇದ್ದಲಿನಲ್ಲಿ ಕರಗಿತು. ವಿಶ್ವೇಶ್ವರಯ್ಯನವರ ಸಂಕಲ್ಪದ ಈ ಕಾರ್ಖಾನೆಯ ವಿಧಾನ ಬೇರೆ, ಪ್ರಮಾಣ ಬೇರೆ. ಆದರೂ ಉಕ್ಕು ಎಂಬ ಮಾತನ್ನು ಪ್ರಪಂಚಕ್ಕೆ ಕೊಟ್ಟ ನಾಡಿನಲ್ಲಿ ಇದ್ದಲಿನ ಬೆಂಕಿ ಮತ್ತೆ ಹೊತ್ತಿದ್ದು ಸ್ಮರಣೀಯ.

ಎರಡನೆಯ ನಂಟ ಆನಿಕಟ್. ನದಿಗೆ ಅಡ್ಡಲಾಗಿ ಕಟ್ಟಿ ಕಾಲುವೆಗೆ ನೀರು ತಿರುಗಿಸುವ ಕಟ್ಟಡಕ್ಕೆ ಇಂಗ್ಲಿಷ್ ಎಂಜಿನಿಯರುಗಳು ಕೊಟ್ಟ ಹೆಸರು. ಕೋಶಗಳು ಇದನ್ನು ತಮಿಳಿನ ಅಣೈಕಟ್ಟು ಎಂಬುದರಿಂದ ಬಂದುದೆಂದು ಹೇಳುತ್ತವೆ. ಕಾವೇರಿಯ ಕೆಳಹರಿವಿನಲ್ಲಿಯೂ ಗೋದಾವರಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುವೆ ಆರ್ಥರ್ ಕಾಟನ್ ನಡೆಸಿದ ದೊಡ್ಡ ಕೆಲಸಗಳಿಂದ ಇದು ಎಲ್ಲೆಡೆ ಹಬ್ಬಿತು. ತಮಿಳಿನ ಅಣೈಕಟ್ಟೂ ನಮ್ಮ ಅಣೆಕಟ್ಟೂ ಒಡಹುಟ್ಟಿದವು. ಸ್ವಾರಸ್ಯವಿರುವುದು ಮುಂದೆ. ಶಿವಮೊಗ್ಗದ ಸಮೀಪದ ಗಾಜನೂರಿನಲ್ಲಿ ತುಂಗೆಗೆ ಹಾಕಿದ ಹಳೆಯ ಕಟ್ಟೆಗೆ ಸರ್ಕಾರದ ಕಡತಗಳಲ್ಲಿ ತುಂಗಾ ಆನಿಕಟ್ ಎಂದೇ ಹೆಸರು. ಭದ್ರಾನದಿಯ ಗೋಂದಿಯ ಕಟ್ಟೆಯೂ ಗೋಂದಿ ಆನಿಕಟ್. ಕನ್ನಡದ ಬರಹಗಳಲ್ಲಿಯೂ ಇವು ಹೀಗೆಯೇ ಅಚ್ಚಾಗುತ್ತವೆ. ಅಣೆಕಟ್ಟು ಎಂಬ ಮಾತು ವಿಲಾಯಿತಿಗೆ ಹೋಗಿ, ಟೋಪಿ ಹಾಕಿಕೊಂಡು ಊರಿಗೆ ಮರಳಿದೆ. ಮನೆಯವರು ಗುರುತು ಹಿಡಿಯದೆ ಅದನ್ನು ಜಗಲಿಯ ಮೇಲೆ ಅತಿಥಿಯಂತೆ ಕೂರಿಸಿದ್ದಾರೆ.

ಮೂರನೆಯದು ಅರೆಕ. ಅಡಕೆಯನ್ನು ಮೊದಮೊದಲು ಬಲ್ಲ ಐರೋಪ್ಯರಲ್ಲಿ ಪೋರ್ಚುಗೀಸರೂ ಸೇರಿದ್ದರು. ಮಲಯಾಳದ ಅಡಕ್ಕ, ನಮ್ಮ ಅಡಕೆ ಇವುಗಳಲ್ಲಿನ ಡಕಾರವನ್ನು ಉಚ್ಚರಿಸಲು ಅವರ ನಾಲಗೆ ಮೇಲಕ್ಕೆ ಮಡಿಚದು. ಅದು ರಕಾರವಾಗಿ ಜಾರಿತು. ಹದಿನಾರನೆಯ ಶತಮಾನದಲ್ಲಿಯೇ ಈ ರೂಪ ಅವರ ಬರಹಗಳಲ್ಲಿದೆ. ಇಂಗ್ಲಿಷರು ಅವರಿಂದ ಪಡೆದರು. ಇಂಗ್ಲಿಷರದೇ ಆದ ಮತ್ತೊಂದು ಹೆಸರು ಬೀಟಲ್ ನಟ್. ಬೀಟಲ್ ಎಂದರೆ ವೀಳ್ಯದೆಲೆ. ಮಲಯಾಳದ ವೆಟ್ಟಿಲದಿಂದ ಬಂದ ಮಾತು. ಎಲೆಯ ಹೆಸರನ್ನು ಕಾಯಿಗೆ ಅಂಟಿಸಿದ್ದು ತಾಂಬೂಲವನ್ನು ಒಟ್ಟಾಗಿ ನೋಡಿ ಬಿಡಿಸಿ ನೋಡದವರ ಕೆಲಸ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅಡಕೆಯ ಮರಕ್ಕೆ ಅರೆಕ ಕ್ಯಾಟೆಚು ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ಕ್ಯಾಟೆಚು ಎಂಬುದು ನಾವು ಎಲೆಯಡಕೆಗೆ ಸೇರಿಸುವ ಕಾಚು. ಮಲಯ ದ್ವೀಪಗಳ ಭಾಷೆಯಲ್ಲಿಯೂ ಅದಕ್ಕೆ ಇದೇ ಬಗೆಯ ಹೆಸರುಂಟು. ಲ್ಯಾಟಿನ್ ಉಡುಪನ್ನು ಕಳಚಿದರೆ ಅಡಕೆ-ಕಾಚು ಎಂಬ ಎರಡು ಮಾತುಗಳು ಉಳಿಯುತ್ತವೆ. ತೀರ್ಥಹಳ್ಳಿ, ಸಾಗರ, ಹೊಸನಗರಗಳ ತೋಟಗಳಲ್ಲಿ ನಿಂತ ಕೋಟ್ಯಂತರ ಮರಗಳಿಗೂ ಪ್ರಪಂಚದ ವಿಜ್ಞಾನಿಗಳೆಲ್ಲ ತಾಂಬೂಲದ ತಟ್ಟೆಯ ಹೆಸರನ್ನೇ ಹೇಳುತ್ತಾರೆ.

ಪೂನ್ ಎಂಬ ನಾಲ್ಕಕ್ಷರದ ಮಾತು ಆಟಗಾರರಿಗೆ ಬಲು ಪ್ರಿಯ. ಅದು ಹಡಗಿನ ಕೂವೆಕಂಬಕ್ಕೆ ಬಳಸುತ್ತಿದ್ದ, ಕನ್ನಡ ಜಿಲ್ಲೆಯ ಕಾಡುಗಳಲ್ಲಿ ಬೆಳೆಯುವ ಮರ. ಕನ್ನಡದ ಪೊನ್ನೆ, ಮಲಯಾಳದ ಪುನ್ನ, ಸಂಸ್ಕೃತದ ಪುನ್ನಾಗ, ನಮ್ಮ ಇಂದಿನ ಸುರಹೊನ್ನೆ. ಇಲ್ಲಿ ಕನ್ನಡ ಓದಿದವರಿಗೆ ಒಂದು ವಿಶೇಷ ಕಾಣುತ್ತದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗಿದೆ: ಪಾಲು ಹಾಲಾಯಿತು, ಪೂವು ಹೂವಾಯಿತು, ಪೊನ್ನು ಹೊನ್ನಾಯಿತು. ನಾವು ಬಿಟ್ಟ ಪಕಾರ ಪೂನ್ ಎಂಬಲ್ಲಿ ಹಾಗೆಯೇ ನಿಂತಿದೆ. ನಾಣ್ಯದ ಹೆಸರಾದ ಫನಮ್ ಎಂಬುದೂ ಅಂತೆಯೇ. ನಾವು ಪಣವನ್ನು ಹಣ ಮಾಡಿಕೊಂಡೆವು. ತಮಿಳು, ಮಲಯಾಳಗಳ ಪಣಮ್ ಕರಾವಳಿಯ ವ್ಯಾಪಾರಿಗಳ ಬಾಯಲ್ಲಿ ಫನಮ್ ಆಯಿತು. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಹೊಡೆಸಿದ ಚಿಕ್ಕ ಚಿನ್ನದ ಹಣಗಳನ್ನು ಇಂಗ್ಲಿಷರು ಕಂಠೀರಾಯ ಫನಮ್ ಎಂದು ಬರೆದರು. ಕೆಳದಿಯ ಅರಸರ ಇಕ್ಕೇರಿ ವರಹವನ್ನು ಇಕ್ಕೇರಿ ಪಗೋಡ ಎಂದರು.

ರಾಗಿಗೆ ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ಕಾಗುಣಿತಗಳಿದ್ದು ಆಟದಲ್ಲಿ ಅವೆಲ್ಲವೂ ಸಲ್ಲುತ್ತವೆ. ಕೊನೆಯ ಸ್ವರವನ್ನು ಒಬ್ಬ ಅಧಿಕಾರಿ ಒಂದು ಬಗೆಯಲ್ಲಿ, ಮತ್ತೊಬ್ಬ ಮತ್ತೊಂದು ಬಗೆಯಲ್ಲಿ ಬರೆದದ್ದೇ ಕಾರಣ. ಇವರೆಲ್ಲರೂ ಮುದ್ದೆಯನ್ನು ಉಂಡವರಲ್ಲ. ಕಂದಾಯಕ್ಕಾಗಿ ರಾಶಿಯನ್ನು ಅಳೆಸಿದವರು. ಹೊಲ, ಬೆಳೆ, ತೆರಿಗೆಗಳ ಕಡತಗಳಿಂದಲೇ ಇಂಥ ಎಷ್ಟೋ ಮಾತುಗಳು ಇಂಗ್ಲಿಷಿಗೆ ಹೋದವು ಎಂಬುದನ್ನು ವಿಲ್ಸನ್ನನ ಕೋಶದ ಉದ್ದೇಶವೇ ತಿಳಿಸುತ್ತದೆ.

ಎಲ್ಲ ನಂಟಸ್ತಿಕೆಯೂ ಹೀಗೆ ಸ್ಪಷ್ಟವಾಗಿರುವುದಿಲ್ಲ. ಢೋಲ್ ಎಂದರೆ ಇಂಗ್ಲಿಷಿನಲ್ಲಿ ಗುಂಪುಗೂಡಿ ಬೇಟೆಯಾಡುವ ಕೆಂಪು ಕಾಡುನಾಯಿ. ಭದ್ರಾ ಅಭಯಾರಣ್ಯದ ಸುತ್ತಿನವರು ಸೀಳುನಾಯಿ ಎನ್ನುವುದು ಇದನ್ನೇ. ಈ ಹೆಸರು ಕನ್ನಡದ ತೋಳದಿಂದ ಬಂದಿರಬಹುದೆಂದು ಕೆಲವು ನಿಘಂಟುಗಳು ಹೇಳುತ್ತವೆ. ಹಾಗಾದರೆ ಒಂದು ಪ್ರಾಣಿಯ ಹೆಸರು ಮತ್ತೊಂದಕ್ಕೆ ಹೋಯಿತೆನ್ನಬೇಕು. ಇದು ಊಹೆಯಾಗಿಯೇ ಉಳಿದಿದೆ. ಬ್ಯಾಂಬೂ ಎಂಬುದನ್ನು ವಿಲ್ಸನ್ ಕನ್ನಡದ ಮಾತೆಂದನು; ಬೊಂಬು ಎಂಬ ನಮ್ಮ ಮಾತನ್ನು ನೆನೆದರೆ ಆಸೆ ಹುಟ್ಟುತ್ತದೆ. ಬಿದಿರು ಮೆಳೆಗೆ ಬೆಂಕಿ ಬಿದ್ದಾಗ ಗಿಣ್ಣುಗಳು ಸಿಡಿಯುವ ಸದ್ದಿನಿಂದ ಆ ಹೆಸರು ಹುಟ್ಟಿತೆಂದೂ ಹೇಳಿದವರುಂಟು. ಆದರೆ ಮಲಯದ ಕಡೆಯ ಹಕ್ಕುದಾರಿಕೆಯೂ ಬಲವಾಗಿದೆ. ಯೂಲ್ ಮತ್ತು ಬರ್ನೆಲ್ ಕೂಡ ಇದರ ಮೂಲ ಬಹಳ ಅಸ್ಪಷ್ಟವೆಂದು ಕೈಬಿಟ್ಟರು. ಸದ್ದು ಹೋಲಿತೆಂದು ಕಂಡ ಶಬ್ದವನ್ನೆಲ್ಲ ನಮ್ಮದೆನ್ನುವುದು ಅಭಿಮಾನವಾದೀತೇ ಹೊರತು ಶಾಸ್ತ್ರವಾಗದು. ಬಿದಿರಿನ ಮಟ್ಟಿಗೆ ಖಚಿತವಾದ ಮಾತೆಂದರೆ ಬಿದನೂರು. ಬಿದಿರಿನ ಊರಾದ ಅದನ್ನು ಇಂಗ್ಲಿಷರು ಬೆಡ್ನೋರ್ ಎಂದು ಬರೆದರು. 1763ರಲ್ಲಿ ಹೈದರನು ಗೆದ್ದು ಹೈದರನಗರವೆಂದು ಕರೆದ ಆ ಕೆಳದಿ ರಾಜಧಾನಿಯೇ ಇಂದಿನ ನಗರ.

ಈವರೆಗೆ ಹೇಳಿದ ಮಾತುಗಳು ಹೆಚ್ಚುಕಡಮೆ ಕೆಟ್ಟೇ ಹೋದವು. ಕೆಡದೆ ಹೋದ ಒಂದು ಮಾತನ್ನು ಮಲೆನಾಡಿನವರು ತಿಳಿದಿರಬೇಕು. ಅದು ಕೊಳೆರೋಗ. ಮುಂಗಾರಿನ ಎಡೆಬಿಡದ ಮಳೆಯಲ್ಲಿ ಅಡಕೆಯ ಎಳೆಗಾಯಿ ಕೊಳೆತು ಉದುರಿ, ವರ್ಷದ ಅನ್ನವನ್ನೇ ಕಸಿಯುವ ಈ ಬೇನೆಯನ್ನು ತೋಟದವರೆಲ್ಲ ಬಲ್ಲರು. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರ ಶಿರೋನಾಮೆಯಲ್ಲಿಯೇ ಕೊಳೆರೋಗ ಎಂಬ ನಮ್ಮ ರೈತರ ಮಾತನ್ನು ಇದ್ದಂತೆ ಇಟ್ಟರು. ಮೈಲುತುತ್ತ ಮತ್ತು ಸುಣ್ಣವನ್ನು ಕೂಡಿಸಿ ಮಾಡುವ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ನಮ್ಮ ತೋಟಗಳಲ್ಲಿ ನೆಲೆಗೊಳಿಸಿದವರೂ ಅವರೇ. ಕಾಫಿಗಿಡದ ಎಲೆ ಕೊಳೆಯುವ ರೋಗದ ಶಿಲೀಂಧ್ರಕ್ಕೆ ಎಂ. ಸಿ. ಕುಕ್ ಎಂಬ ಇಂಗ್ಲಿಷ್ ವಿದ್ವಾಂಸನು 1876ರಲ್ಲಿಯೇ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿಯೂ ಕೊಳೆರೋಗ ಎಂಬ ಮಾತು ಸೇರಿದೆ. ಇಂಗ್ಲಿಷ್ ಲಿಪಿಯಲ್ಲಿ ನಮ್ಮ ಳಕಾರ ಮೆತ್ತಗಾಗುವುದು ಅನಿವಾರ್ಯ. ಅದೊಂದನ್ನು ಬಿಟ್ಟರೆ ಇದು ಶುದ್ಧ ತತ್ಸಮ.

ಉಕ್ಕು ವೂಟ್ಸ್ ಆದದ್ದಕ್ಕೂ ಕೊಳೆರೋಗ ಕೊಳೆರೋಗವಾಗಿಯೇ ಉಳಿದದ್ದಕ್ಕೂ ಇರುವ ಅಂತರದಲ್ಲಿಯೇ ಈ ಲೇಖನದ ಸಾರವಿದೆ. ಉಕ್ಕಿನ ಗಟ್ಟಿ ಲಂಡನ್ನಿಗೆ ಹೋಯಿತು, ಹೆಸರು ಕೈಯಿಂದ ಕೈಗೆ ಹೋಯಿತು. ಮಾಡಿದವನನ್ನು ಕರೆದು ಇದಕ್ಕೆ ಏನನ್ನುತ್ತೀಯೆ ಎಂದು ಮತ್ತೊಮ್ಮೆ ಕೇಳಿ ತಿದ್ದುವವರು ಆ ದಾರಿಯಲ್ಲಿ ಯಾರೂ ಇರಲಿಲ್ಲ. ಕೊಳೆರೋಗವನ್ನು ಬರೆದವರು ರೋಗ ಬಿದ್ದ ತೋಟದಲ್ಲಿಯೇ ಕೆಲಸ ಮಾಡಿದವರು. ಒಂದು ಶಬ್ದದ ಕಾಗುಣಿತವು ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಎಷ್ಟು ಗಮನವಿಟ್ಟು ಕೇಳಿದರೆಂಬುದರ ದಾಖಲೆ.

ಈ ದೃಷ್ಟಿಯಿಂದ ನೋಡಿದರೆ ಊರ ಹೆಸರುಗಳ ವಿಚಾರವೂ ಸಣ್ಣದಲ್ಲ. ಇಂಗ್ಲಿಷಿನಲ್ಲಿ ನಮ್ಮ ಊರು ಬಹುಕಾಲ ಶಿಮೋಗ ಆಗಿತ್ತು. ಸಿಹಿ ಮೊಗೆಯಿಂದ ಬಂದ ಹೆಸರೆನ್ನುವವರಿಗೂ ಶಿವಮುಖದಿಂದ ಬಂದುದೆನ್ನುವವರಿಗೂ ಆ ರೂಪದಿಂದ ತೃಪ್ತಿಯಿರಲಿಲ್ಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಶಿವಮೊಗ್ಗ ಎಂದೇ ಬರೆಯಬೇಕೆಂದು ಸರ್ಕಾರ ಗೊತ್ತುಮಾಡಿತು. ಇನ್ನೊಂದು ಉದಾಹರಣೆ ನಮ್ಮ ಮನೆಮನೆಯ ಪೆಟ್ಟಿಗೆಯಿಂದ ಕೇಳಿಬರುವಂಥದು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಪ್ರಸಾರ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಮುಂದೆ ದೇಶದ ಬಾನುಲಿಯೆಲ್ಲ ಅದೇ ಹೆಸರನ್ನು ತಳೆಯಿತು. 2023ರಲ್ಲಿ ಇಂಗ್ಲಿಷ್ ಪ್ರಸಾರಗಳಲ್ಲಿಯೂ ಆಲ್ ಇಂಡಿಯಾ ರೇಡಿಯೋ ಎನ್ನುವುದನ್ನು ಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ನಿರ್ಧಾರವಾಯಿತು.

ಕಡೆಯದಾಗಿ, ಪದವಿನೋದದಲ್ಲಿ ಆಸಕ್ತಿಯುಳ್ಳ ಮನೆಯವರಿಗೆ ಒಂದು ಸೂಚನೆ. ಇಂಗ್ಲಿಷಿನ ವಿಚಿತ್ರ ಶಬ್ದಗಳನ್ನು ಮಕ್ಕಳು ಅವಶ್ಯ ಕಲಿಯಲಿ. ಅದರಿಂದ ಜ್ಞಾನ ಬೆಳೆಯುತ್ತದೆ. ಜೊತೆಗೆ ಅಡಕೆಯ ಸುಗ್ಗಿಯಲ್ಲಿ ಮನೆಯ ಹಿರಿಯರನ್ನು ಕೇಳಿ, ಅಂಗಳದಲ್ಲಿ ಕೇಳಿಬರುವ ಮಾತುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಬೇಯಿಸಿದ ಅಡಕೆಗೆ ಬಣ್ಣ ಕೊಡುವ ರಸ ಚೊಗರು. ಕಾಯಿಯ ಎಳಸು ಬಲಿತಗಳನ್ನು ನೋಡಿ ವಿಂಗಡಿಸಿ ಮಂಡಿಯಲ್ಲಿ ಬೇರೆ ಬೇರೆ ಬೆಲೆಗೆ ಮಾರುವ ಸರಕು, ಬೆಟ್ಟೆ, ರಾಶಿ, ಗೊರಬಲು. ಮರವೇರಿ ಗೊನೆ ಇಳಿಸುವ ಕೊನೆಗಾರ. ಇವುಗಳಿಗೆ ಯಾವ ಆಟದಲ್ಲಿಯೂ ಅಂಕವಿಲ್ಲ. ಸುಲಿಯುವ ಕೆಲಸಕ್ಕೆ ಯಂತ್ರ ಬಂದಂತೆ, ಮರವೇರುವ ಕೈಗಳು ಕಡಮೆಯಾದಂತೆ, ಕೆ‌ಲಸದೊಡನೆ ಅದರ ಮಾತೂ ಜಾರಿಹೋಗುತ್ತದೆ. ಉಕ್ಕಿನ ಕುಲುಮೆ ಆರಿದಾಗ ಮೂಸೆಯವರು ತಮ್ಮ ತಮ್ಮಲ್ಲಿ ಆಡುತ್ತಿದ್ದ ಮಾತುಗಳನ್ನು ಬರೆದಿಟ್ಟವರು ಬಹಳ ಕಡಮೆ. ಅಡಕೆಯ ಅಂಗಳದ ಮಾತುಗಳನ್ನು ಬರೆದಿಡಲು ಈಗಲೂ ಕಾಲವಿದೆ. ಕೇಳಿದರೆ ಹೇಳುವವರು ಇದ್ದಾರೆ.